ಮನೆಯೇ ಪಾಠಶಾಲೆ: ಸಿರುಗುಪ್ಪ ಸೀಮೆಯ ಚಳಿಗಾಲ ಮತ್ತು ಬಿಡುವಿನ ಕಲಿಕೆ

ಮಕ್ಕಳನ್ನು ಶಾಲೆಗೆ ಕಳುಹಿಸದೆ ತಂದೆತಾಯಿಯರೇ ಮನೆಯಲ್ಲಿ ವಿದ್ಯಾಭ್ಯಾಸ ಮಾಡಿಸುವ ಪದ್ಧತಿಗೆ ಮನೆಶಾಲೆ ಎಂದು ಹೆಸರು. ಗೃಹಶಿಕ್ಷಣ, ಹೋಮ್ ಸ್ಕೂಲಿಂಗ್ ಎಂಬ ಪದಗಳೂ ಬಳಕೆಯಲ್ಲಿವೆ. ಬೆಂಗಳೂರಿನಂತಹ ನಗರಗಳಲ್ಲಿ ಕೆಲವು ಕುಟುಂಬಗಳು ಈ ಹಾದಿಯನ್ನು ಆರಿಸಿಕೊಂಡಿವೆ. ಹೀಗೆ ಕಲಿಸುವವರಲ್ಲಿ ಪ್ರಚಲಿತವಾಗಿರುವ ಒಂದು ವಿಚಾರವೆಂದರೆ, ಚಳಿಗಾಲ ಬಂದಾಗ ಪಾಠದ ವೇಗವನ್ನು ತಗ್ಗಿಸುವುದು. ಗಂಟೆಗಟ್ಟಲೆ ಬರೆಯಿಸುವ ಬದಲು ಕಥೆ ಓದುವುದು, ಅಡುಗೆಮನೆಯಲ್ಲಿ ಅಳತೆ ಕಲಿಸುವುದು, ಕೈಕಸುಬು ಹೇಳಿಕೊಡುವುದು, ಮಗುವಿಗೆ ಬೇಕಾದಷ್ಟು ಹೊತ್ತು ಒಂದೇ ವಿಷಯದಲ್ಲಿ ತೊಡಗಲು ಬಿಡುವುದು ಇದರ ಕ್ರಮ.

ಈ ವಿಚಾರವನ್ನು ತುಂಗಭದ್ರೆಯ ದಂಡೆಯ ಸಿರುಗುಪ್ಪ ತಾಲ್ಲೂಕಿನಲ್ಲಿಟ್ಟು ನೋಡಿದರೆ ಅದರ ಎರಡು ಮುಖಗಳೂ ಕಾಣುತ್ತವೆ. ಇಲ್ಲಿ ಚಳಿಗಾಲವೆಂದರೆ ಮನೆಯೊಳಗೆ ಬೆಚ್ಚಗೆ ಕೂರುವ ಕಾಲವಲ್ಲ, ಸುಗ್ಗಿಯ ಕಾಲ. ಹೊಲದಲ್ಲಿ ಕೈಗಳು ಸಾಲದಾಗುವ ಈ ತಿಂಗಳುಗಳಲ್ಲಿಯೇ ಬಡ ಕುಟುಂಬಗಳ ಮಕ್ಕಳ ಶಾಲೆ ತಪ್ಪುವ ಭಯವೂ ಹೆಚ್ಚು. ಮನೆಯಲ್ಲಿ ನಿಧಾನವಾಗಿ ಕಲಿಯುತ್ತಿರುವ ಮಗು ಮತ್ತು ಪಾಠ ತಪ್ಪಿಸಿಕೊಂಡು ಹತ್ತಿ ಬಿಡಿಸಲು ಹೋದ ಮಗು, ಇಬ್ಬರೂ ಶಾಲೆಯ ಹೊರಗಿರುವವರೇ. ಮೊದಲನೆಯದು ಬಿಡುವು, ಎರಡನೆಯದು ಶಾಲೆ ಬಿಡುವುದು. ಇವೆರಡನ್ನೂ ಬೇರ್ಪಡಿಸುವುದು ಯಾವುದು ಎಂಬುದನ್ನು ತಿಳಿಯದೆ ಬಿಡುವಿನ ಕಲಿಕೆಯ ಬಗ್ಗೆ ಮಾತನಾಡುವುದು ಅಪೂರ್ಣವಾಗುತ್ತದೆ.

ಹಿಮದ ನಾಡಿನ ಸಲಹೆ, ಬಿಸಿಲ ನಾಡಿನ ಚಳಿಗಾಲ

ಚಳಿಗಾಲದಲ್ಲಿ ಪಾಠವನ್ನು ಹಗುರಗೊಳಿಸಬೇಕೆಂಬ ಸಲಹೆ ಬಂದಿರುವುದು ಮುಖ್ಯವಾಗಿ ಯುರೋಪ್ ಮತ್ತು ಅಮೆರಿಕದ ಕುಟುಂಬಗಳಿಂದ. ಡಿಸೆಂಬರ್ 21-22ರ ಸುಮಾರಿಗೆ ಲಂಡನ್ನಿನಲ್ಲಿ ಹಗಲಿನ ಅವಧಿ ಎಂಟು ಗಂಟೆಗೂ ಕಡಿಮೆ. ಹೆಲ್ಸಿಂಕಿಯಲ್ಲಿ ಆರು ಗಂಟೆಯೂ ಇರುವುದಿಲ್ಲ. ಹಿಮ ಬಿದ್ದ ಅಂಗಳ, ಮಧ್ಯಾಹ್ನವೇ ಕವಿಯುವ ಕತ್ತಲೆ, ಮನೆಯೊಳಗೇ ಉಳಿಯುವ ಮಕ್ಕಳು. ಅಲ್ಲಿ ಪಾಠ ನಿಧಾನವಾಗುವುದು ಸಹಜ.

ಸುಮಾರು 15.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಸಿರುಗುಪ್ಪದಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ 11 ಗಂಟೆ 10 ನಿಮಿಷಗಳಷ್ಟು ಅವಧಿಯಿದೆ. ಅತಿ ದೊಡ್ಡ ಹಗಲಿಗೂ ಇದಕ್ಕೂ ಇರುವ ಅಂತರ ಎರಡು ಗಂಟೆಗಿಂತ ಕಡಿಮೆ. ಬಳ್ಳಾರಿಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಗೆಯಾಡುವುದುಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಮಕ್ಕಳು ಹೊರಗೆ ಕಾಲಿಡುವುದೇ ಕಷ್ಟ. ಇಲ್ಲಿ ಮನೆಯೊಳಗೆ ಕೂರಿಸುವುದು ಬೇಸಿಗೆ. ಹೊರಗೆ ಕರೆಯುವುದು ಚಳಿಗಾಲ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಹಿತವಾದ ಬಿಸಿಲು ನಡೆಯಲು, ನೋಡಲು, ಅಳೆಯಲು, ಮಾತನಾಡಿಸಲು ತಕ್ಕ ಕಾಲ. ಆದುದರಿಂದ ಈ ಸೀಮೆಯಲ್ಲಿ ಚಳಿಗಾಲದ ಬಿಡುವಿನ ಕಲಿಕೆ ಎಂದರೆ ಪಾಠವನ್ನು ಅಂಗಳಕ್ಕೆ, ಹೊಲದ ಬದುವಿಗೆ ತರುವುದು.

ಆದರೆ ಅದೇ ಹೊಲದ ಬದುವಿನಲ್ಲಿ ಕೆಲಸವೂ ಕಾದಿರುತ್ತದೆ. ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆಯ ನೀರು ಕಂಡ ಸಿರುಗುಪ್ಪ ಭತ್ತದ ನಾಡು. ಮುಂಗಾರಿನಲ್ಲಿ ನಾಟಿಯಾದ ಭತ್ತ ನವೆಂಬರ್, ಡಿಸೆಂಬರ್ ವೇಳೆಗೆ ಕಟಾವಿಗೆ ಬರುತ್ತದೆ. ಭತ್ತದ ಕಟಾವಿಗೆ ಯಂತ್ರಗಳು ಬಂದಿವೆಯಾದರೂ ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು ಕೈಕೆಲಸಗಳಾಗಿಯೇ ಉಳಿದಿವೆ. ಚಿಕ್ಕ ಬೆರಳುಗಳೂ ಮಾಡಬಲ್ಲ ಕೆಲಸಗಳಿವು ಎಂಬುದೇ ಆತಂಕದ ಸಂಗತಿ.

1823ರ ಬಳ್ಳಾರಿ ವರದಿ ಹೇಳುವುದೇನು?

ಮನೆ, ಶಾಲೆ ಮತ್ತು ಹೊಲಗಳ ನಡುವಿನ ಈ ಎಳೆದಾಟ ಹೊಸದಲ್ಲ. ಮದ್ರಾಸ್ ಪ್ರಾಂತ್ಯದ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಂದ ದೇಶೀಯ ಶಾಲೆಗಳ ವಿವರ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿ ಅವುಗಳಲ್ಲಿ ಅತ್ಯಂತ ವಿವರವಾದವುಗಳಲ್ಲಿ ಒಂದು. ಗಾಂಧಿವಾದಿ ಚಿಂತಕ ಧರ್ಮಪಾಲ್ ಅವರು 1983ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಈ ವರದಿ ಮತ್ತೆ ಬೆಳಕಿಗೆ ಬಂದಿತು.

ಇಂದಿನದಕ್ಕಿಂತ ಬಹು ವಿಸ್ತಾರವಾಗಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 9,27,857 ಜನಸಂಖ್ಯೆಗೆ 533 ಶಾಲೆಗಳಿದ್ದವು. ಅವುಗಳಲ್ಲಿ ಓದುತ್ತಿದ್ದವರು 6,641 ಮಂದಿ. ಎಂದರೆ ಒಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು ಕಲಿಸಲಾಗುತ್ತಿತ್ತು. ಬಾಲಕಿಯರ ಸಂಖ್ಯೆ ಕೇವಲ 60.

ಆ ಶಾಲೆಗಳ ಕ್ರಮವನ್ನೂ ಕ್ಯಾಂಪ್‌ಬೆಲ್ ದಾಖಲಿಸಿದ್ದಾನೆ. ಐದು ವರ್ಷ ತುಂಬಿದ ಮಗುವಿನ ಬೆರಳು ಹಿಡಿದು ಗುರುಗಳು ಅಕ್ಕಿಯಲ್ಲಿ ದೇವರ ಹೆಸರು ಬರೆಯಿಸುತ್ತಿದ್ದರು. ಬಳಿಕ ನೆಲದ ಮೇಲಿನ ಮರಳಿನಲ್ಲಿ ಅಕ್ಷರಾಭ್ಯಾಸ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯನ್ನೂ, ಬರಹ ಕಲಿಸಲು ತಗಲುವ ಅಲ್ಪ ಖರ್ಚನ್ನೂ ಕಲೆಕ್ಟರ್ ಮೆಚ್ಚಿಕೊಂಡಿದ್ದಾನೆ. ಇನ್ನು ಶಿಸ್ತಿನ ಮಾತು. ಮುಂಜಾನೆ ಆರಕ್ಕೆ ಶಾಲೆ ಆರಂಭ. ಮೊದಲು ಬಂದ ಬಾಲಕನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂಬುದರ ಗುರುತಾಗಿ ಒಂದು ಸೊನ್ನೆ. ಮೂರನೆಯವನಿಂದ ಮುಂದಕ್ಕೆ ಬಂದ ಕ್ರಮದಂತೆ ಒಂದೊಂದು ಬೆತ್ತದೇಟು ಹೆಚ್ಚು. ಧನುರ್ಮಾಸದ ನಸುಕಿನಲ್ಲಿ ಎದ್ದು ಓಡಬೇಕಾಗಿದ್ದ ಮಕ್ಕಳ ಪಾಡು ಊಹಿಸಬಹುದು. ಬಿಡುವಿನ ಕಲಿಕೆ ಎಂಬುದು ನಮ್ಮ ಪೂರ್ವಿಕರ ಪದ್ಧತಿಯೇ ಆಗಿತ್ತೆಂದು ಹೇಳುವವರು ಈ ಭಾಗವನ್ನೂ ಓದಬೇಕಾಗುತ್ತದೆ.

ಇಂದಿನ ಚರ್ಚೆಗೆ ಹೆಚ್ಚು ಮುಖ್ಯವಾದುದು ವರದಿಯ ಮತ್ತೊಂದು ಮಾತು. ಹಿಂದೆ ದೊಡ್ಡ ಶಾಲೆಗಳಿದ್ದ ಹಲವು ಊರುಗಳಲ್ಲಿ ಆಗ ಶಾಲೆಗಳೇ ಉಳಿದಿರಲಿಲ್ಲ. ಯುರೋಪಿನ ಬಟ್ಟೆ ಬಂದು ನೇಕಾರಿಕೆ ಕುಸಿದು ಜನ ಬಡವಾಗಿದ್ದರು. ಮಕ್ಕಳ ಓದಿನ ಖರ್ಚನ್ನು ಭರಿಸಲಾರದ ಕುಟುಂಬಗಳು, ಎಳೆಯ ಕೈಕಾಲುಗಳಿಗೆ ಒಂದಿಷ್ಟು ಶಕ್ತಿ ಬಂದೊಡನೆ ಅವರನ್ನು ದುಡಿಮೆಗೆ ಹಚ್ಚುವಂತಾಗಿತ್ತು ಎಂದು ಕಲೆಕ್ಟರ್ ವಿವರಿಸಿದ್ದಾನೆ. ಸರ್ಕಾರದ ನೆರವಿಲ್ಲದೆ ಈ ಸ್ಥಿತಿ ಸುಧಾರಿಸದು ಎಂಬುದು ಅವನ ಅಭಿಪ್ರಾಯವಾಗಿತ್ತು. ಎರಡು ಶತಮಾನಗಳ ನಂತರ, 2011ರ ಜನಗಣತಿಯಲ್ಲಿ ಅವಿಭಜಿತ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಶೇ. 67.43, ರಾಜ್ಯದ ಸರಾಸರಿ ಶೇ. 75.36. ಈ ಅಂತರಕ್ಕೆ ಬಡತನ ಒಂದು ಕಾರಣವೆಂಬುದನ್ನು ಅಲ್ಲಗಳೆಯಲಾಗದು.

ಮನೆಶಾಲೆಯ ಬೇರುಗಳು

ಕನ್ನಡ ನಾಡಿನಲ್ಲಿ ಮನೆಯಲ್ಲಿ ಕಲಿತು ದೊಡ್ಡವರಾದವರ ಉದಾಹರಣೆಗಳಿಗೆ ಕೊರತೆಯಿಲ್ಲ. ಕುವೆಂಪು ಅವರಿಗೆ ಬಾಲ್ಯದಲ್ಲಿ ಕುಪ್ಪಳಿಯ ಮನೆಯಲ್ಲಿಯೇ ಪಾಠವಾಯಿತು. ದಕ್ಷಿಣ ಕನ್ನಡದಿಂದ ಬಂದ ಉಪಾಧ್ಯಾಯರೊಬ್ಬರನ್ನು ಅದಕ್ಕಾಗಿ ನೇಮಿಸಿಕೊಳ್ಳಲಾಗಿತ್ತು. ಶಾಲೆಗೆಂದು ಅವರು ತೀರ್ಥಹಳ್ಳಿಗೆ ಹೋದದ್ದು ಆಮೇಲೆ. ಆದರೆ ಅದು ಉಪಾಧ್ಯಾಯರನ್ನು ಮನೆಯಲ್ಲಿರಿಸಿಕೊಳ್ಳಬಲ್ಲ ಕುಟುಂಬದ ಮಾತು. ಶಾಲೆಯ ಹೊರಗಿನ ಕಲಿಕೆಯನ್ನು ಎಲ್ಲ ಮಕ್ಕಳ ಕೈಗೆಟಕುವಂತೆ ಮಾಡಲು ಹೊರಟವರಲ್ಲಿ ಶಿವರಾಮ ಕಾರಂತರು ಪ್ರಮುಖರು. ಪುತ್ತೂರಿನ ಬಾಲವನದಲ್ಲಿ ಅವರು ನಡೆಸಿದ ಪ್ರಯೋಗಗಳೂ, 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ 'ಬಾಲ ಪ್ರಪಂಚ'ವೂ ಮಗುವಿನ ಕುತೂಹಲವನ್ನೇ ಪಾಠದ ಆರಂಭವೆಂದು ನಂಬಿದ್ದವು.

ಪಶ್ಚಿಮದಲ್ಲಿ ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ ಚಿಕ್ಕ ಮಕ್ಕಳಿಗೆ ಪಾಠದ ಅವಧಿ ಚಿಕ್ಕದಿರಬೇಕು, ಹೊರಗಿನ ಗಾಳಿ ಬೆಳಕಿನಲ್ಲಿ ಕಳೆಯುವ ಹೊತ್ತು ದೊಡ್ಡದಿರಬೇಕು ಎಂದು ಪ್ರತಿಪಾದಿಸಿದರು. ಅಮೆರಿಕದ ಜಾನ್ ಹೋಲ್ಟ್ ಶಾಲೆಗಳಲ್ಲಿ ಮಕ್ಕಳು ಏಕೆ ಸೋಲುತ್ತಾರೆ ಎಂಬುದನ್ನು 1964ರ ತಮ್ಮ ಪುಸ್ತಕದಲ್ಲಿ ಪರಿಶೀಲಿಸಿ, 1977ರಲ್ಲಿ ಮನೆಶಾಲೆಯವರಿಗಾಗಿಯೇ ಒಂದು ಪತ್ರಿಕೆ ಆರಂಭಿಸಿದರು. 1990ರ ದಶಕದ ವೇಳೆಗೆ ಅಮೆರಿಕದ ಎಲ್ಲ 50 ರಾಜ್ಯಗಳಲ್ಲಿಯೂ ಮನೆಶಾಲೆ ಕಾನೂನುಬದ್ಧವಾಯಿತು. ಜರ್ಮನಿಯಲ್ಲಿ ಇದಕ್ಕೆ ಅವಕಾಶವಿಲ್ಲ. 2006ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಆ ನಿಲುವಿನಲ್ಲಿ ಮಧ್ಯೆ ಪ್ರವೇಶಿಸಲಿಲ್ಲ. ಫ್ರಾನ್ಸ್ 2021ರ ಕಾನೂನಿನ ಮೂಲಕ ಮುಂಗಡ ಅನುಮತಿಯನ್ನು ಕಡ್ಡಾಯಗೊಳಿಸಿತು.

ಕಾನೂನು ಏನನ್ನುತ್ತದೆ?

ಭಾರತದಲ್ಲಿ ಮನೆಶಾಲೆಯನ್ನು ಹೆಸರಿಸಿ ನಿಷೇಧಿಸುವ ಕಾನೂನಿಲ್ಲ. ಎಲ್ಲ ಮಕ್ಕಳಿಗೂ ಅನ್ವಯಿಸುವಂತೆ ಅದನ್ನು ಮಾನ್ಯ ಮಾಡುವ ಕಾನೂನೂ ಇಲ್ಲ. 2002ರ 86ನೇ ತಿದ್ದುಪಡಿಯು ಸಂವಿಧಾನಕ್ಕೆ 21ಎ ವಿಧಿಯನ್ನು ಸೇರಿಸಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದರಂತೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಅದರ 10ನೇ ಕಲಂ ಹೇಳುತ್ತದೆ. ಆದರೆ ಸೇರಿಸದ ಪಾಲಕರಿಗೆ ದಂಡನೆಯನ್ನು ಕಾಯ್ದೆ ವಿಧಿಸಿಲ್ಲ; 'ಕಡ್ಡಾಯ' ಎಂಬ ಪದದ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಈ ಪ್ರಶ್ನೆ 2011ರಲ್ಲಿ ದೆಹಲಿ ಹೈಕೋರ್ಟಿನ ಮುಂದೆಯೂ ಬಂದಿತ್ತು.

ಮನೆಯ ಶಿಕ್ಷಣವನ್ನು ಈ ಕಾಯ್ದೆ ಸ್ಪಷ್ಟವಾಗಿ ಒಪ್ಪುವುದು ಒಂದೇ ಸಂದರ್ಭದಲ್ಲಿ. 2012ರ ತಿದ್ದುಪಡಿಯ ಪ್ರಕಾರ ಬಹುವಿಧ ಅಥವಾ ತೀವ್ರ ಅಂಗವೈಕಲ್ಯವುಳ್ಳ ಮಗು ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಬಹುದು. ಅಂತಹ ಮಕ್ಕಳ ಹೆಸರು ಶಾಲೆಯ ದಾಖಲೆಯಲ್ಲಿದ್ದು, ವಿಶೇಷ ಸಂಪನ್ಮೂಲ ಶಿಕ್ಷಕರು ಮನೆಗೇ ಬಂದು ಕಲಿಸುವ ವ್ಯವಸ್ಥೆ ಕರ್ನಾಟಕದಲ್ಲಿದೆ. ಸಿರುಗುಪ್ಪದಂತಹ ತಾಲ್ಲೂಕಿನಲ್ಲಿ 'ಮನೆಯಲ್ಲಿ ಪಾಠ' ಎಂಬ ಮಾತಿಗೆ ಸರ್ಕಾರಿ ದಾಖಲೆಯಲ್ಲಿರುವ ಅರ್ಥ ಇದೇ.

ಪಾಲಕರು ತಿಳಿದಿರಬೇಕಾದ ಇನ್ನೊಂದು ಕಾಯ್ದೆ ಬಾಲಕಾರ್ಮಿಕ ನಿಷೇಧಕ್ಕೆ ಸಂಬಂಧಿಸಿದುದು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವಂತಿಲ್ಲ. ಅಪಾಯಕಾರಿಯಲ್ಲದ ಕೆಲಸಗಳಲ್ಲಿ ಸ್ವಂತ ಕುಟುಂಬಕ್ಕೆ ನೆರವಾಗಲು ಅವಕಾಶವಿದೆ. ಆದರೆ ಅದು ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಾತ್ರ. ಶಾಲೆಯೇ ಇಲ್ಲದ ಮಗುವಿಗೆ ಶಾಲಾ ಅವಧಿಯ ನಂತರ ಎಂಬ ಹೊತ್ತು ಯಾವುದು? ಹೊಲಮನೆಯ ಕೆಲಸದಿಂದ ಕಲಿಯುತ್ತಾರೆ ಎಂಬ ಮಾತು ಈ ಪ್ರಶ್ನೆಯ ಎದುರು ನಿಲ್ಲಬೇಕಾಗುತ್ತದೆ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ 2013ರಲ್ಲಿ ಕರ್ನಾಟಕ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡ ಬಳಿಕ, ಸತತವಾಗಿ ಗೈರಾಗುವ ಮಗುವನ್ನು ಬೇಗನೆ ಗುರುತಿಸುವ ಕಡೆಗೆ ರಾಜ್ಯದ ಗಮನ ಹೆಚ್ಚಿತು.

2020-21: ಎಲ್ಲರೂ ಮನೆಯಲ್ಲಿದ್ದ ಚಳಿಗಾಲ

ಕೊರೋನಾ ಸೋಂಕಿನಿಂದಾಗಿ 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ರಾಜ್ಯದ ಎಲ್ಲ ಮಕ್ಕಳೂ ಮನೆಯಲ್ಲಿ ಕಲಿಯಬೇಕಾಯಿತು. ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಆರಂಭವಾದವು. ಆಗಸ್ಟಿನಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಹೇಳುವ 'ವಿದ್ಯಾಗಮ' ಬಂದಿತು. ಅಕ್ಟೋಬರಿನಲ್ಲಿ ಅದು ಸ್ಥಗಿತಗೊಂಡು 2021ರ ಜನವರಿ 1ರಿಂದ ಶಾಲಾ ಆವರಣದಲ್ಲಿ ಪುನರಾರಂಭವಾಯಿತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು.

ಆ ಚಳಿಗಾಲ ಎಲ್ಲರಿಗೂ ಒಂದೇ ಆಗಿರಲಿಲ್ಲ. ಓದಿದ ಪಾಲಕರು, ಪುಸ್ತಕಗಳು, ಸ್ವಂತದ್ದೊಂದು ಫೋನು ಇದ್ದ ಮನೆಗಳಲ್ಲಿ ಮಕ್ಕಳು ಅಡುಗೆ, ಚಿತ್ರಕಲೆ, ಓದು ಎಂದು ತಮ್ಮದೇ ಗತಿಯಲ್ಲಿ ಕಲಿತರು. ನಗರದ ಹಲವು ಕುಟುಂಬಗಳಿಗೆ ಮನೆಶಾಲೆಯ ಬಗ್ಗೆ ಆಸಕ್ತಿ ಮೂಡಿದ್ದೂ ಆಗಲೇ. ದಿನಗೂಲಿಯ ಮನೆಗಳಲ್ಲಿ ಬೆಳಗಾದರೆ ಹಿರಿಯರು ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಕಲಿಸುವವರೇ ಇರಲಿಲ್ಲ. ಕಲಿತ ಅಕ್ಷರಗಳನ್ನೂ ಮಕ್ಕಳು ಮರೆತರು. ಶಾಲೆಯೆಂದರೆ ಊಟವೂ ಹೌದು ಎಂಬುದು ಆಗ ಎದ್ದು ಕಂಡಿತು. ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಆರಂಭವಾದದ್ದು ಬಳ್ಳಾರಿಯೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. 2021ರ ಡಿಸೆಂಬರಿನಲ್ಲಿ ಮೊಟ್ಟೆ ವಿತರಣೆ ಆರಂಭವಾದ ಜಿಲ್ಲೆಗಳಲ್ಲಿಯೂ ಬಳ್ಳಾರಿ ಇತ್ತು. ಶಾಲೆಯಿಂದ ದೂರವುಳಿಯುವ ಬಡ ಮಗು ಪಾಠದೊಂದಿಗೆ ಇವೆಲ್ಲವನ್ನೂ ಕಳೆದುಕೊಳ್ಳುತ್ತದೆ.

ಅದೇ ಚಳಿಗಾಲದಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು. 2020ರ ನವೆಂಬರಿನಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾರಂಭಿಸಿತು. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೂ ಊರಿನಲ್ಲಿ ಪುಸ್ತಕವಿರಬೇಕೆಂಬ ಈ ಆಶಯ ಮನೆಶಾಲೆಯವರಿಗೂ ಶಾಲೆಯವರಿಗೂ ಸಮಾನವಾಗಿ ಸಲ್ಲುವಂಥದು.

ಬಿಡುವಿನ ಕಲಿಕೆಯ ಕ್ರಮ

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆ ಆಗಬೇಕು. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ಎಂದರೆ ದಿನಕ್ಕೆ ನಾಲ್ಕರಿಂದ ನಾಲ್ಕೂವರೆ ಗಂಟೆ. ಇದು ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರುವ ತರಗತಿಯ ಲೆಕ್ಕ. ಮನೆಯಲ್ಲಿ ಒಂದಿಬ್ಬರು ಮಕ್ಕಳೊಂದಿಗೆ ಒಬ್ಬ ಹಿರಿಯರು ಮನಸ್ಸಿಟ್ಟು ಕೂತರೆ ಇದಕ್ಕಿಂತ ಕಡಿಮೆ ಹೊತ್ತು ಸಾಕಾಗುತ್ತದೆ. ಆರರಿಂದ ಎಂಟು ವರ್ಷದವರಿಗೆ ಹದಿನೈದು, ಇಪ್ಪತ್ತು ನಿಮಿಷಗಳ ಚಿಕ್ಕ ಪಾಠಗಳು ಹಿತ. ಒಟ್ಟು ಹೊತ್ತನ್ನು ತಗ್ಗಿಸಬಹುದು. ದಿನ ತಪ್ಪಿಸುವುದು ಮಾತ್ರ ಸಲ್ಲದು. ಗಟ್ಟಿಯಾಗಿ ಓದುವುದು, ನಾಲ್ಕು ಸಾಲು ಬರೆಯುವುದು, ಒಂದೆರಡು ಲೆಕ್ಕ ಬಿಡಿಸುವುದು, ಒಂದು ಹೊಸ ಸಂಗತಿಯನ್ನು ನೋಡಿ ತಿಳಿಯುವುದು, ಈ ನಾಲ್ಕು ಪ್ರತಿದಿನವೂ ಆಗಬೇಕು.

ಸಿರುಗುಪ್ಪದ ಚಳಿಗಾಲ ಇದಕ್ಕೆ ಬೇಕಾದ ಸಾಮಗ್ರಿಯನ್ನು ತಾನೇ ಒದಗಿಸುತ್ತದೆ.

ಲೆಕ್ಕಕ್ಕೆ ಭತ್ತದ ಚೀಲವಿದೆ. ಈ ಭಾಗದಲ್ಲಿ ಭತ್ತದ ವ್ಯಾಪಾರದ ಮಾತು 75 ಕಿಲೋ ಚೀಲದಲ್ಲಿ ನಡೆಯುತ್ತದೆ. ಸರ್ಕಾರದ ಬೆಂಬಲ ಬೆಲೆ ಘೋಷಣೆಯಾಗುವುದು ಕ್ವಿಂಟಲಿನಲ್ಲಿ. 2025-26ರ ಮುಂಗಾರು ಹಂಗಾಮಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಹಾಗಾದರೆ ಒಂದು ಚೀಲಕ್ಕೆ ಎಷ್ಟು? 1,776 ರೂಪಾಯಿ 75 ಪೈಸೆ ಎಂಬ ಉತ್ತರ ಪಡೆದ ಹತ್ತು ವರ್ಷದ ಮಗು ಭಿನ್ನರಾಶಿ, ದಶಮಾಂಶಗಳೊಂದಿಗೆ ಮನೆಯ ಆದಾಯವನ್ನೂ ಅರಿಯುತ್ತದೆ. ವ್ಯಾಪಾರಿ ಹೇಳಿದ ದರ ಬೆಂಬಲ ಬೆಲೆಗಿಂತ ಎಷ್ಟು ಕಡಿಮೆ ಅಥವಾ ಹೆಚ್ಚು ಎಂಬುದು ಅದರ ಮುಂದಿನ ಲೆಕ್ಕ.

ವಿಜ್ಞಾನಕ್ಕೆ ಒಂದು ಮೀಟರ್ ಉದ್ದದ ಕೋಲು ಸಾಕು. ಡಿಸೆಂಬರ್ 21-22ರಂದು ಸಮತಟ್ಟಾದ ಅಂಗಳದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿದರೆ ನಡುಹಗಲಿನ ನೆರಳು ಸುಮಾರು 81 ಸೆಂಟಿಮೀಟರ್. ಆ ನೆರಳು ಅತಿ ಗಿಡ್ಡವಾಗುವುದು ಗಡಿಯಾರದ 12 ಗಂಟೆಗಲ್ಲ, ಸುಮಾರು 12.20ಕ್ಕೆ, ಭಾರತದ ಗಡಿಯಾರ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶವನ್ನು ಅನುಸರಿಸುವುದೇ ಇದಕ್ಕೆ ಮುಖ್ಯ ಕಾರಣ. ಮಕರ ಸಂಕ್ರಾಂತಿಯ ಹೊತ್ತಿಗೆ ನೆರಳು 75 ಸೆಂಟಿಮೀಟರಿಗೆ ಇಳಿದಿರುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಸಂಕ್ರಾಂತಿಗೆ ಮೂರು ವಾರ ಮೊದಲೇ ಎಂಬುದನ್ನು ಮಗು ತನ್ನ ಅಳತೆಪಟ್ಟಿಯಿಂದಲೇ ಕಂಡುಕೊಳ್ಳುತ್ತದೆ. ಅದೇ ಅಳತೆಯನ್ನು ಮುಂದುವರಿಸಿದರೆ ಮೇ ಮೊದಲ ವಾರದಲ್ಲಿ ನೆರಳೇ ಇಲ್ಲದ ನಡುಹಗಲು ಬರುತ್ತದೆ.

ಇತಿಹಾಸಕ್ಕೆ ದೂರ ಹೋಗಬೇಕಾಗಿಲ್ಲ. ತಾಲ್ಲೂಕಿನ ನಿಟ್ಟೂರು ಮತ್ತು ಉದೇಗೊಳಂಗಳಲ್ಲಿ 1970ರ ದಶಕದಲ್ಲಿ ಪತ್ತೆಯಾದ ಶಿಲಾಶಾಸನಗಳು ಕ್ರಿಸ್ತಪೂರ್ವ ಮೂರನೇ ಶತಮಾನದವು. ಚಕ್ರವರ್ತಿ ಅಶೋಕನ ಹೆಸರನ್ನೇ ಹೇಳುವ ಕೆಲವೇ ಶಾಸನಗಳಲ್ಲಿ ಇವೂ ಸೇರಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನ ನವಶಿಲಾಯುಗದ ಜನವಸತಿಯನ್ನು ಬೆಳಕಿಗೆ ತಂದಿತು. ಬಂಡೆಯ ಮೇಲೆ ಬೇಸಿಗೆಯಲ್ಲಿ ಕಾಲಿಡಲಾಗದು. ಶಾಸನ, ಗುಡ್ಡ ನೋಡಲು ಡಿಸೆಂಬರ್, ಜನವರಿಯೇ ಸರಿಯಾದ ಕಾಲ.

ಭಾಷೆಯ ವಿಷಯದಲ್ಲಿ ಗಡಿಯ ಊರಿಗೆ ಒಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಕೇಳುವ ಮಗು ಎರಡು ಲಿಪಿಗಳ ಹೋಲಿಕೆಯನ್ನು ಬಹುಬೇಗ ಗುರುತಿಸುತ್ತದೆ. ಪುಸ್ತಕಕ್ಕಾಗಿ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಎಲ್ಲ ತರಗತಿಗಳ ಪಠ್ಯಗಳು ಉಚಿತವಾಗಿ ದೊರೆಯುತ್ತವೆ. ದೀಕ್ಷಾ ವೇದಿಕೆಯಲ್ಲಿ ಪಾಠದ ದೃಶ್ಯಗಳೂ, ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳೂ ಇವೆ.

ಪರೀಕ್ಷೆಯ ಹಾದಿ

ಬಿಡುವಿನ ಕಲಿಕೆಗೆ ಕೊನೆಯಲ್ಲಿ ಒಂದು ಪ್ರಮಾಣಪತ್ರ ಬೇಕಾಗುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ 1989ರಲ್ಲಿ ಸ್ಥಾಪನೆಯಾಗಿ 2002ರಲ್ಲಿ ಈಗಿನ ಹೆಸರು ಪಡೆಯಿತು. ಅದರ ಮುಕ್ತ ಮೂಲಶಿಕ್ಷಣದ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮ. ಹತ್ತನೇ ತರಗತಿಗೆ ಸಮನಾದ ಹಂತಕ್ಕೆ 14 ವರ್ಷ ತುಂಬಿರಬೇಕು. ಕನಿಷ್ಠ ಐದು ವಿಷಯಗಳನ್ನು ಆರಿಸಿಕೊಳ್ಳಬೇಕು. ಕನ್ನಡವೂ ಭಾಷಾ ವಿಷಯಗಳಲ್ಲಿ ಒಂದು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ನೋಂದಣಿ ಐದು ವರ್ಷ ಊರ್ಜಿತವಿದ್ದು ಒಂಬತ್ತು ಅವಕಾಶಗಳಿರುತ್ತವೆ. ಒಂದೊಂದೇ ವಿಷಯವನ್ನು ಸಾವಕಾಶವಾಗಿ ಮುಗಿಸಬಹುದಾದುದರಿಂದ ಮನೆಶಾಲೆಯ ಗತಿಗೆ ಇದು ಹೊಂದುತ್ತದೆ. ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವ ದಾರಿಯೂ ಉಂಟು. ಅದಕ್ಕೆ ನಿಗದಿಯಾದ ವಯಸ್ಸು, ನೋಂದಣಿಯ ಕೊನೆಯ ದಿನಾಂಕಗಳನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು.

ಮನೆಶಾಲೆಯಿಂದ ಶಾಲೆಗೆ ಮರಳುವ ಬಾಗಿಲು ಮುಚ್ಚಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮಿನಂತೆ ಆರು ವರ್ಷ ಮೀರಿಯೂ ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ಪಾಠಗಳಿಗೆ ವಿಶೇಷ ತರಬೇತಿ ನೀಡಬೇಕು. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕೆಂದು 15ನೇ ಕಲಂ ಹೇಳುತ್ತದೆ. ಈ ಕಲಮುಗಳು ನಗರದ ಮನೆಶಾಲೆಯ ಮಗುವಿಗೆ ಎಷ್ಟು ಅನ್ವಯವೋ ಹತ್ತಿ ಹೊಲದಿಂದ ಹಿಂದಿರುಗುವ ಮಗುವಿಗೂ ಅಷ್ಟೇ ಅನ್ವಯ.

ಬಿಡುವು ಯಾರದು?

ನಿಧಾನವಾಗಿ ಕಲಿಯುವುದು ತಪ್ಪಲ್ಲ. ಓದು ತಡವಾಗಿ ಹತ್ತಿದರೂ ಚೆನ್ನಾಗಿ ಬೆಳೆದ ಮಕ್ಕಳಿದ್ದಾರೆ. ಆದರೆ ನಿಧಾನ ಎನ್ನುವುದು ಪಾಲಕರ ಬಿಡುವಿಲ್ಲದಿರುವಿಕೆಗೆ ಇಟ್ಟ ಒಳ್ಳೆಯ ಹೆಸರಾಗಬಾರದು. ಮೂರು ಪ್ರಶ್ನೆಗಳಿಂದ ಇದನ್ನು ಪರೀಕ್ಷಿಸಬಹುದು. ದಿನದಲ್ಲಿ ಇಂತಿಷ್ಟು ಹೊತ್ತು ಮಗುವಿನ ಪಕ್ಕದಲ್ಲಿ ಕೂರುವ ಹಿರಿಯರು ಮನೆಯಲ್ಲಿದ್ದಾರೆಯೇ? ಕಾರ್ತಿಕದಲ್ಲಿ ಓದಲಾಗದ ಪುಟವನ್ನು ಯುಗಾದಿಯ ವೇಳೆಗೆ ಮಗು ಓದುತ್ತಿದೆಯೇ? ಮಗುವಿನ ಕೆಲಸ ನಿಂತರೆ ಮನೆಯ ಆದಾಯ ನಿಲ್ಲುತ್ತದೆಯೇ? ಮೊದಲೆರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಅದು ಬಿಡುವಿನ ಕಲಿಕೆ. ಉತ್ತರಗಳು ತಿರುಗುಮುರುಗಾದರೆ ಅದಕ್ಕೆ ಏನೇ ಹೆಸರಿಟ್ಟರೂ ಅದು ಶಾಲೆ ಬಿಟ್ಟಂತೆಯೇ ಸರಿ.

ನಗರದ ಪಾಲಕರು ಮನೆಶಾಲೆಯನ್ನು ಆರಿಸಿಕೊಳ್ಳುವಾಗ ತಮ್ಮ ಮಗುವಿಗೆ ಕೊಡುತ್ತಿರುವುದು ಮುಖ್ಯವಾಗಿ ತಮ್ಮ ಸಮಯವನ್ನು. ಆ ಸಮಯವಿಲ್ಲದ ಮನೆಗಳಿಗೆ ಸರ್ಕಾರಿ ಶಾಲೆಯ ಶಿಕ್ಷಕರು, ಮಧ್ಯಾಹ್ನದ ಊಟ, ಪಂಚಾಯಿತಿಯ ಗ್ರಂಥಾಲಯಗಳೇ ಆಸರೆ. ಸುಗ್ಗಿಯ ತಿಂಗಳುಗಳಲ್ಲಿ ಇವು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು, ಗೈರಾದ ಮಗುವಿನ ಮನೆಗೆ ಆ ವಾರದಲ್ಲಿಯೇ ಯಾರಾದರೂ ಹೋಗಿ ವಿಚಾರಿಸುವುದು ಈ ಸೀಮೆಯ ಚಳಿಗಾಲಕ್ಕೆ ಬೇಕಾದ ಮೊದಲ ವ್ಯವಸ್ಥೆ. ಪ್ರವೇಶ, ವಿಶೇಷ ತರಬೇತಿ ಹಾಗೂ ಗೃಹಾಧಾರಿತ ಶಿಕ್ಷಣದ ಮಾಹಿತಿಗೆ ಪಾಲಕರು ಆಯಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ವರ್ಷದ ಯಾವುದೇ ತಿಂಗಳಿನಲ್ಲಿ ಸಂಪರ್ಕಿಸಬಹುದು.